ಬೋರ್ಡು ಕಾಣದಿದ್ದರೆ ದಂಡ ಯಾಕೆ ಕಟ್ಟಬೇಕು? ಇಂಗ್ಲೆಂಡಿನ ಪಾರ್ಕಿಂಗ್ ತಕರಾರಿನ ಕತೆ

1960ರ ಸೆಪ್ಟೆಂಬರ್ 19. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬೀದಿಗಳಲ್ಲಿ ಸುಮಾರು 40 ಮಂದಿ ಟ್ರಾಫಿಕ್ ವಾರ್ಡನ್‌ಗಳು ಮೊದಲ ಸಲ ಕೆಲಸಕ್ಕೆ ಇಳಿದರು. ಇವರು ಪೊಲೀಸ್ ಪೇದೆಗಳಲ್ಲ. ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಗೆ ದಂಡದ ಚೀಟಿ ಅಂಟಿಸಲೆಂದೇ ಬಂದವರು. ಅವತ್ತು ಒಂದೇ ದಿನ 344 ಚೀಟಿ ಹರಿದರು. ಮೊದಲ ಚೀಟಿ ಸಿಕ್ಕಿದ್ದು ಒಬ್ಬ ಡಾಕ್ಟರಿಗೆ. ಹೋಟೆಲೊಂದರಲ್ಲಿ ಯಾರಿಗೋ ಹೃದಯಾಘಾತವಾಗಿದೆ ಎಂದು ಓಡಿ ಬಂದ ಅವರು ತಮ್ಮ ಫೋರ್ಡ್ ಪಾಪ್ಯುಲರ್ ಕಾರನ್ನು ಹೊರಗೆ ಬಿಟ್ಟು ಒಳಗೆ ಹೋಗಿದ್ದರು. ದಂಡ ಎರಡು ಪೌಂಡ್. ವಿಷಯ ತಿಳಿದ ಜನ ರೊಚ್ಚಿಗೆದ್ದರು, ಚೀಟಿ ರದ್ದಾಯಿತು.

ಡಾಕ್ಟರ ಪರವಾಗಿ ಕೂಗಲು ಜನ ಇದ್ದರು. ಉಳಿದ 343 ಮಂದಿಯಲ್ಲಿ ಯಾರಿಗಾದರೂ ಅನ್ಯಾಯವಾಗಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು? ನಾವು ಈ ಬರಹದಲ್ಲಿ ಹೇಳಹೊರಟಿರುವುದು ಈ ಪ್ರಶ್ನೆಗೆ ಆ ದೇಶ ಮೂವತ್ತು ವರ್ಷ ಕಳೆದ ಮೇಲೆ ಕಂಡುಕೊಂಡ ಉತ್ತರವನ್ನು, ಆ ಉತ್ತರದಲ್ಲಿ ಇವತ್ತಿಗೂ ಉಳಿದಿರುವ ಒಂದು ತೂತನ್ನು. ಇಂಗ್ಲೆಂಡಿನ ದಂಡ ನಮ್ಮೂರಿನವರಿಗೆ ಯಾಕೆ ಎಂದು ಕೇಳಬೇಡಿ. ನಮ್ಮ ಸಂತೆ ಬೀದಿಯ ನೋ ಪಾರ್ಕಿಂಗ್ ಬೋರ್ಡಿಗೂ ಈ ಕತೆಗೂ ನಂಟಿದೆ, ಮುಂದೆ ಬರುತ್ತದೆ.

ಕಾರು ನಿಲ್ಲಿಸಲು ಕಾಸು ಕೊಡುವ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. ಒಕ್ಲಹೋಮಾ ಸಿಟಿಯಲ್ಲಿ 1935ರ ಜುಲೈನಲ್ಲಿ ಮೊದಲ ಪಾರ್ಕಿಂಗ್ ಮೀಟರ್ ನಿಂತಿತು. ಲಂಡನ್ನಿನ ಮೇಫೇರ್‌ಗೆ ಅದು ಬಂದದ್ದು 1958ರ ಜುಲೈನಲ್ಲಿ. ಗಂಟೆಗೆ ಆರು ಪೆನ್ನಿ. ಹೊತ್ತು ಮೀರಿದರೆ ಹತ್ತು ಶಿಲ್ಲಿಂಗ್ ಹೆಚ್ಚುವರಿ. ಮೀಟರಿನಲ್ಲಿ ಒಂದು ಅನುಕೂಲ ಇತ್ತು: ಕಂಬ ಕಣ್ಣೆದುರೇ ನಿಂತಿರುತ್ತದೆ, ಗೊತ್ತಾಗಲಿಲ್ಲ ಎನ್ನುವಂತಿಲ್ಲ. ತಕರಾರು ಹುಟ್ಟಿದ್ದು ಮೀಟರ್ ಇಲ್ಲದ ಬೀದಿಗಳಲ್ಲಿ. ಅಲ್ಲಿ ನಿಯಮ ಹೇಳುವುದು ರಸ್ತೆಯಂಚಿನ ಹಳದಿ ಗೆರೆ, ಕಂಬದ ಮೇಲಿನ ಪುಟ್ಟ ಫಲಕ.

ಆ ಕಾಲದ ಫಲಕಗಳು ಊರಿಗೊಂದು ಥರ ಇದ್ದವು. ಕೆಲವಂತೂ ಓದಿ ಮುಗಿಸುವಷ್ಟರಲ್ಲಿ ಗಾಡಿ ದಾಟಿ ಹೋಗುವಷ್ಟು ಉದ್ದ. ಇದನ್ನು ಸರಿ ಮಾಡಲು ಕೂತ ವರ್‌ಬಾಯ್ಸ್ ಸಮಿತಿ 1963ರಲ್ಲಿ ವರದಿ ಕೊಟ್ಟಿತು. ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ವಿನ್ಯಾಸಕಾರರು ಅಕ್ಷರ ಕಡಿಮೆ, ಚಿತ್ರ ಹೆಚ್ಚು ಎಂಬಂತೆ ಇಡೀ ದೇಶಕ್ಕೆ ಒಂದೇ ಮಾದರಿಯ ಫಲಕ ಬರೆದರು. 1965ರ ಜನವರಿ 1ರಿಂದ ಅವು ಜಾರಿಗೆ ಬಂದವು. ಅಂದ ಹಾಗೆ, ದನ ಅಡ್ಡ ಬರುವ ಜಾಗದ ಫಲಕಕ್ಕೆ ಕ್ಯಾಲ್ವರ್ಟ್ ಮಾದರಿಯಾಗಿ ಇಟ್ಟುಕೊಂಡದ್ದು ತಮ್ಮ ನೆಂಟರ ಹೊಲಮನೆಯ ಹಸುವನ್ನು. ಅದರ ಹೆಸರು ಪೇಷೆನ್ಸ್, ಅಂದರೆ ತಾಳ್ಮೆ. ಕೊಟ್ಟಿಗೆಯ ಹಸುವೊಂದು ಇಡೀ ದೇಶದ ರಸ್ತೆಗೆ ಬಂದದ್ದು ನಮಗಂತೂ ಖುಷಿಯ ವಿಷಯ.

ಫಲಕ ಹೇಗಿರಬೇಕು ಎಂದು ಸರ್ಕಾರವೇ ಅಳತೆ, ಬಣ್ಣ, ಆಕಾರ ಬರೆದಿಟ್ಟಿತು. ಹಾಗೆ ಬರೆದಿಟ್ಟ ಮೇಲೆ ಒಂದು ಮಾತು ತಾನಾಗಿಯೇ ಎದ್ದಿತು. ನೀವೇ ಬರೆದ ಅಳತೆಗೆ ನೀವೇ ಫಲಕ ಹಾಕದಿದ್ದರೆ ನಮಗೆ ದಂಡ ಹಾಕುವುದು ಹೇಗೆ?

1967ರಲ್ಲಿ ಜೇಮ್ಸ್ ವಿರುದ್ಧ ಕೇವಿ ಎಂಬ ಮೊಕದ್ದಮೆಯಲ್ಲಿ ಕೋರ್ಟು ಇದಕ್ಕೆ ನೇರವಾಗಿ ಉತ್ತರಿಸಿತು. ನಿಷೇಧದ ಆದೇಶ ಕಡತದಲ್ಲಿ ಇತ್ತು. ಚಾಲಕ ಅಲ್ಲಿ ಗಾಡಿ ನಿಲ್ಲಿಸಿದ್ದೂ ನಿಜ. ಆದರೆ ನಿಷೇಧವನ್ನು ಜನರಿಗೆ ತಿಳಿಸುವಷ್ಟು ಫಲಕಗಳನ್ನು ಸ್ಥಳೀಯ ಆಡಳಿತ ಹಾಕಿರಲಿಲ್ಲ. ಫಲಕ ಹಾಕುವ ಕೆಲಸ ಮುಗಿಸದೆ ಅಪರಾಧವೇ ಹುಟ್ಟುವುದಿಲ್ಲ ಎಂದು ಕೋರ್ಟು ಶಿಕ್ಷೆಯನ್ನು ತೆಗೆದುಹಾಕಿತು. ನಾಲ್ಕು ವರ್ಷದ ನಂತರ, 1971ರಲ್ಲಿ, ಡೇವೀಸ್ ವಿರುದ್ಧ ಹೀಟ್ಲಿ ಮೊಕದ್ದಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಪಾರ್ಕಿಂಗ್ ತಕರಾರಲ್ಲ, ರಸ್ತೆ ನಡುವಿನ ಬಿಳಿ ಗೆರೆಯದು. ಗೆರೆ ಏನು ಹೇಳುತ್ತಿದೆ ಎಂದು ಯಾರಿಗಾದರೂ ಅರ್ಥವಾಗುತ್ತಿತ್ತು. ಆದರೂ ಅದು ನಿಯಮದಲ್ಲಿ ಹೇಳಿದ ಮಾದರಿಯಲ್ಲಿ ಇಲ್ಲವಾದ್ದರಿಂದ ಅಪರಾಧವಿಲ್ಲ ಎಂದಾಯಿತು.

ಇಲ್ಲಿ ನಮ್ಮ ದೇಶದ ಮಾತು. ಬ್ರಿಟಿಷರ ಕಾಲದಲ್ಲೇ ಬಂದ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಸಂಚಾರ ಫಲಕಗಳ ಚಿತ್ರಪಟ್ಟಿ ಇತ್ತು. ಈಗಿನ 1988ರ ಕಾಯ್ದೆಯಲ್ಲೂ ಅದೇ ದಾರಿ ಮುಂದುವರಿದಿದೆ. ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಹಾಕಿದರೆ ತಕ್ಕ ಜಾಗದಲ್ಲಿ ಫಲಕ ಹಾಕಿಸಬೇಕು ಎಂದು 115ನೇ ಕಲಂ ಹೇಳುತ್ತದೆ. ಫಲಕಗಳ ಬಗ್ಗೆ 116ನೇ ಕಲಂ ಇದೆ, ಗಾಡಿ ನಿಲ್ಲಿಸುವ ಜಾಗ ಗೊತ್ತುಮಾಡುವ ಬಗ್ಗೆ 117. ಬಟ್ಟೆ ಅಂಗಡಿಯ ಬ್ಯಾನರ್ ಹಿಂದೆ ಮರೆಯಾದ ಬೋರ್ಡನ್ನು ನೋಡಿದಾಗ ಈ ಮೂರು ನಂಬರ್ ನೆನಪಿರಲಿ.

ಮತ್ತೆ ಲಂಡನ್ನಿಗೆ. 1980ರ ದಶಕದ ಹೊತ್ತಿಗೆ ಊರು ಕಾರುಗಳಿಂದ ತುಂಬಿ, ಪೊಲೀಸರಿಗೆ ಪಾರ್ಕಿಂಗ್ ನೋಡಿಕೊಳ್ಳಲು ಪುರಸೊತ್ತೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ಆಗ ಬಂದದ್ದೇ 1991ರ ರೋಡ್ ಟ್ರಾಫಿಕ್ ಕಾಯ್ದೆ. ತಪ್ಪು ಪಾರ್ಕಿಂಗ್ ಇನ್ನು ಅಪರಾಧವಲ್ಲ, ಕೌನ್ಸಿಲಿಗೆ ಕಟ್ಟಬೇಕಾದ ಬಾಕಿ ಎಂದಾಯಿತು. ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದಹಾಗೆ. ಲಂಡನ್ನಿನಲ್ಲಿ 1993ರಲ್ಲಿ ಶುರುವಾಗಿ 1994ರ ಹೊತ್ತಿಗೆ ಎಲ್ಲ ಬರೋಗಳಿಗೂ ಇದು ಹಬ್ಬಿತು, ಮುಂದೆ ದೇಶದ ಬೇರೆ ಊರುಗಳಿಗೂ.

ಮೊದಲು ದಂಡದ ಹಣ ದೇಶದ ಖಜಾನೆಗೆ ಹೋಗುತ್ತಿತ್ತು. ಈಗ ಕೌನ್ಸಿಲ್ಲೇ ನಿಯಮ ಮಾಡುತ್ತದೆ, ಕೌನ್ಸಿಲ್ಲೇ ಫಲಕ ನೆಡುತ್ತದೆ, ಕೌನ್ಸಿಲ್ಲಿನ ಆಳೇ ಚೀಟಿ ಬರೆಯುತ್ತಾನೆ, ದುಡ್ಡೂ ಕೌನ್ಸಿಲ್ಲಿಗೇ. ಫಲಕ ಮಸುಕಾದಷ್ಟೂ ಲಾಭ ಎನ್ನುವ ಸ್ಥಿತಿ. ಹಾಗಾಗಿ ಅದೇ ಕಾಯ್ದೆಯಲ್ಲಿ ಒಂದು ಕಡಿವಾಣವನ್ನೂ ಇಟ್ಟರು. ಕೌನ್ಸಿಲಿಗೆ ಸೇರದ, ವಕೀಲಿ ಅನುಭವ ಇರುವ ತೀರ್ಪುಗಾರರು ಜನರ ಮೇಲ್ಮನವಿ ಕೇಳಬೇಕು. ಅರ್ಜಿಗೆ ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ. 1960ರ ಆ ಚೀಟಿಯವರಿಗೆ ಸಿಗದಿದ್ದ ಬಾಗಿಲು ಇದು. ಜನರ ಮೇಲಿನ ಕನಿಕರಕ್ಕಿಂತ ಹೆಚ್ಚಾಗಿ, ದಂಡದ ದುಡ್ಡನ್ನು ಕೌನ್ಸಿಲಿಗೆ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ತೆರೆದ ಬಾಗಿಲು ಎಂದೇ ನಾವು ಓದುತ್ತೇವೆ. ಬಂದ ಹಣವನ್ನು ಪಾರ್ಕಿಂಗ್, ಸಾರಿಗೆ, ರಸ್ತೆಯಂಥ ಗೊತ್ತುಮಾಡಿದ ಕೆಲಸಗಳಿಗೇ ಬಳಸಬೇಕು ಎಂಬ ಕಟ್ಟೂ ಇದೆ. 2013ರಲ್ಲಿ ಲಂಡನ್ನಿನ ಬಾರ್ನೆಟ್ ಕೌನ್ಸಿಲ್, ಮನೆ ಮುಂದೆ ಕಾರು ನಿಲ್ಲಿಸುವ ಪರವಾನಗಿಯನ್ನು 40 ಪೌಂಡಿನಿಂದ 100 ಪೌಂಡಿಗೆ ಏರಿಸಿದ್ದು ಇದೇ ಕಾರಣಕ್ಕೆ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಬೇರೆ ಖರ್ಚಿಗೆ ದುಡ್ಡು ಎತ್ತಲು ಪಾರ್ಕಿಂಗ್ ಶುಲ್ಕ ಏರಿಸುವಂತಿಲ್ಲ ಎಂದು ತೀರ್ಪು ಬಂತು.

ಇದೇ ಬಾರ್ನೆಟ್ 2006ರಲ್ಲೂ ಒಂದು ಪಾಠ ಕಲಿತಿತ್ತು. ದಂಡದ ನೋಟಿಸಿನ ಮೇಲೆ ತಪ್ಪು ನಡೆದ ದಿನ, ನೋಟಿಸ್ ಕೊಟ್ಟ ದಿನ ಎರಡೂ ಬೇರೆಬೇರೆಯಾಗಿ ಇರಬೇಕು. ಎರಡೂ ಒಂದೇ ದಿನ ಆದರೂ ಸರಿ, ನಮೂದಿಸಲೇಬೇಕು. ಇಲ್ಲದಿದ್ದರೆ ಹಣ ಕೇಳುವ ಹಕ್ಕಿಲ್ಲ ಎಂದಿತು ಹೈಕೋರ್ಟು. ಇದರಿಂದ ಚಾಲಕನಿಗೆ ತೊಂದರೆ ಆಯಿತೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ, ಕಾನೂನು ಕೇಳಿದ್ದನ್ನು ಮೊದಲು ನೀವು ಪಾಲಿಸಿ ಎಂಬ ಧಾಟಿ.

ಕಾಗದದ ವಿಷಯದಲ್ಲಿ ಇಷ್ಟು ಬಿಗಿಯಾಗಿದ್ದ ಕೋರ್ಟು ಫಲಕದ ವಿಷಯಕ್ಕೆ ಬಂದಾಗ ಸ್ವಲ್ಪ ಸಡಿಲಿಸಿತು. ಅದು ಸಂಡರ್‌ಲೆಂಡ್ ಊರಿನ ಮೊಕದ್ದಮೆ, 2011ರಲ್ಲಿ ಅಪೀಲು ಕೋರ್ಟಿನ ಮುಂದೆ ಬಂದದ್ದು. ಅಲ್ಲಿ ಊರ ನಡುವೆ ಒಂದು ನಿಯಂತ್ರಿತ ವಲಯ ಇತ್ತು. ಇಂಥ ವಲಯದಲ್ಲಿ ನಿಷೇಧದ ಸಮಯ ಬರೆದ ಫಲಕ ಇರುವುದು ವಲಯದ ಬಾಗಿಲಲ್ಲಿ, ಅಂದರೆ ಒಳಬರುವ ರಸ್ತೆಗಳಲ್ಲಿ ಮಾತ್ರ. ಒಳಗಿನ ಬೀದಿಗಳಲ್ಲಿ ಒಂಟಿ ಹಳದಿ ಗೆರೆ ಇದ್ದರೆ ಸಾಕು, ಪಕ್ಕದಲ್ಲಿ ಫಲಕ ಬೇಕಿಲ್ಲ. ಗಾಡಿ ಓಡಿಸುತ್ತಾ ಒಳಬಂದವನು ಬಾಗಿಲಲ್ಲಿ ಕಂಡದ್ದನ್ನು ನೆನಪಿಟ್ಟುಕೊಳ್ಳಬೇಕು. ವಲಯದೊಳಗಿನ ಎಷ್ಟೋ ಗುರುತುಗಳು ನಿಯಮದ ಪ್ರಕಾರ ಇಲ್ಲ, ಆದ್ದರಿಂದ ಇಡೀ ವಲಯವೇ ಲೆಕ್ಕಕ್ಕಿಲ್ಲ ಎಂಬುದು ದೂರುದಾರರ ವಾದ. ಕೋರ್ಟು ಒಪ್ಪಲಿಲ್ಲ. ಫಲಕ ನಿಯಮಕ್ಕೆ ಬಹುಮಟ್ಟಿಗೆ ಹೊಂದಿದ್ದು, ಚಾಲಕನಿಗೆ ಸಾಕಷ್ಟು ತಿಳಿಸಿ, ಅವನನ್ನು ದಾರಿ ತಪ್ಪಿಸದಿದ್ದರೆ ಸಾಕು ಎಂದು ಹೇಳಿತು.

ಈ ತೀರ್ಪು ತಪ್ಪೆಂದು ನಾವು ಹೇಳುವುದಿಲ್ಲ. ಇಂಚುಪಟ್ಟಿ ಹಿಡಿದು ಗೆರೆ ಅಳೆದು, ತಿಳಿದೂ ತಿಳಿದೂ ತಪ್ಪು ಜಾಗದಲ್ಲಿ ನಿಲ್ಲಿಸಿದವನು ಪಾರಾಗುವುದು ನ್ಯಾಯವಲ್ಲ. ಆದರೆ ಅಂದಿನಿಂದ ತಕರಾರಿನ ಪ್ರಶ್ನೆಯೇ ಬದಲಾಯಿತು. ಫಲಕ ಅಳತೆಗೆ ಸರಿ ಇದೆಯೇ ಎನ್ನುವುದಕ್ಕಿಂತ, ಆ ಜಾಗದಲ್ಲಿ ಆ ಹೊತ್ತಿನಲ್ಲಿ ಬಂದವನಿಗೆ ಅದು ಏನು ತಿಳಿಸಿತು ಎಂಬುದು ಮುಖ್ಯವಾಯಿತು. ಕೊಂಬೆ ಬೆಳೆದು ಫಲಕ ಮುಚ್ಚಿದೆಯೇ, ಗಾಳಿಗೆ ತಿರುಗಿ ಗೋಡೆ ನೋಡುತ್ತಿದೆಯೇ, ಹಳದಿ ಬಣ್ಣ ಅಳಿಸಿದೆಯೇ, ಒಂದೇ ಕಂಬದ ಎರಡು ಫಲಕ ಒಂದಕ್ಕೊಂದು ವಿರುದ್ಧ ಹೇಳುತ್ತಿವೆಯೇ. ಫಲಕ ಹಾಕುವುದಷ್ಟೇ ಅಲ್ಲ, ಅದನ್ನು ಕಾಯ್ದುಕೊಂಡು ಬರುವುದೂ ಕೌನ್ಸಿಲಿನ ಹೊಣೆ ಎಂದು 1996ರ ನಿಯಮಾವಳಿ ಹೇಳುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಜೋಡಿ ಹಳದಿ ಗೆರೆ ಇದ್ದರೆ ಫಲಕ ಎಲ್ಲಿ ಎಂದು ಕೇಳುವಂತಿಲ್ಲ. ಅದರ ಅರ್ಥವೇ ಯಾವ ಹೊತ್ತಿನಲ್ಲೂ ನಿಲ್ಲಿಸಬಾರದು ಎಂದು.

ಇನ್ನು ಆರಂಭದಲ್ಲಿ ಹೇಳಿದ ತೂತು. ಕೌನ್ಸಿಲಿನ ನೋಟಿಸಿಗೆ ಪಿಸಿಎನ್ ಎನ್ನುತ್ತಾರೆ. 14 ದಿನದೊಳಗೆ ಕಟ್ಟಿದರೆ ಅರ್ಧ ಮಾಫಿ. 1991ರ ಕಾಯ್ದೆಯಲ್ಲೇ ಬಂದ ಈ ರಿಯಾಯಿತಿ 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆಯಡಿಯೂ ಉಳಿಯಿತು. ಲಂಡನ್ನಿನ ಹೊರಗೆ ಇಂಗ್ಲೆಂಡಿನ ಊರುಗಳಲ್ಲಿ ಪಾರ್ಕಿಂಗ್ ದಂಡ ಹೆಚ್ಚೆಂದರೆ 70 ಪೌಂಡ್. ಅಂದರೆ ಬಾಯಿ ಮುಚ್ಚಿಕೊಂಡು ಕಟ್ಟಿದರೆ 35, ಕೊನೆವರೆಗೂ ವಾದಿಸಿ ಸೋತರೆ 70. ದಿನದ ಕೂಲಿ ನಂಬಿದವರಿಗೆ ಈ 35 ಪೌಂಡಿನ ಜೂಜು ಸಣ್ಣದಲ್ಲ. ತಾನು ಸರಿ ಎಂದು ಗೊತ್ತಿದ್ದವನೂ ಲೆಕ್ಕ ಹಾಕಿ ಕಟ್ಟಿಬಿಡುತ್ತಾನೆ. ಆ ಮಸುಕು ಫಲಕ ಯಾರ ಮುಂದೆಯೂ ವಿಚಾರಣೆಗೆ ಬರುವುದೇ ಇಲ್ಲ, ಅದೇ ಕಂಬದಲ್ಲಿ ಮುಂದಿನವನಿಗಾಗಿ ಕಾಯುತ್ತದೆ. 14 ದಿನದೊಳಗೆ ತಕರಾರು ಪತ್ರ ಬರೆದು ಅದು ತಿರಸ್ಕಾರವಾದರೂ ಅರ್ಧದ ಅವಕಾಶವನ್ನು ಮತ್ತೊಮ್ಮೆ ಕೊಡುವ ರೂಢಿ ಕೌನ್ಸಿಲುಗಳಲ್ಲಿದೆ. ಆದರೆ ಟ್ರಿಬ್ಯೂನಲ್‌ವರೆಗೆ ಹೋದವರಿಗೆ ಆ ರಿಯಾಯಿತಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಸ್ವತಂತ್ರ ತೀರ್ಪುಗಾರನ ಹತ್ತಿರ ಹೋಗುವುದಕ್ಕೇ ಬೆಲೆ ಇಟ್ಟಂತಾಯಿತು.

ಮೂರಕ್ಷರದ ಇನ್ನೊಂದು ಗೊಂದಲವೂ ಇದೆ. ಮಾಲ್, ಸೂಪರ್‌ಮಾರ್ಕೆಟ್‌ಗಳ ಖಾಸಗಿ ಕಂಪನಿಗಳ ಚೀಟಿಗೂ ಪಿಸಿಎನ್ ಎಂದೇ ಹೆಸರು. ಅದು ಸರ್ಕಾರಿ ದಂಡವಲ್ಲ, ಕರಾರಿನ ಲೆಕ್ಕ. ಚೆಮ್ಸ್‌ಫರ್ಡ್ ಊರಿನ ಮಳಿಗೆ ಸಂಕೀರ್ಣವೊಂದರಲ್ಲಿ ಎರಡು ಗಂಟೆಯ ಪುಕ್ಕಟೆ ಅವಧಿ ಮೀರಿ 56 ನಿಮಿಷ ನಿಂತ ಕಾರಿಗೆ ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತ್ತು. 2015ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ನಿಂತಿತು. ಫಲಕಗಳು ದೊಡ್ಡವಾಗಿ, ಎದ್ದು ಕಾಣುವಂತೆ ಇದ್ದವು ಎಂಬುದು ಅಲ್ಲಿ ಚಾಲಕನಿಗೆ ಮುಳುವಾಯಿತು.

ಕೌನ್ಸಿಲ್ ಚೀಟಿಗೆ ತಕರಾರು ಸಾಗುವ ದಾರಿ ಹೀಗಿದೆ. ಮೊದಲ ಪತ್ರಕ್ಕೆ ಒಪ್ಪದಿದ್ದರೆ, ಹಣವನ್ನೂ ಕಟ್ಟದಿದ್ದರೆ, ಗಾಡಿಯ ಮಾಲೀಕರ ಮನೆಗೆ ನೋಟಿಸ್ ಬರುತ್ತದೆ. ಅದಕ್ಕೆ 28 ದಿನದಲ್ಲಿ ವಿಧಿವತ್ತಾಗಿ ಆಕ್ಷೇಪಣೆ ಬರೆಯಬೇಕು. ಹೇಳಲಾದ ತಪ್ಪು ನಡೆದೇ ಇಲ್ಲ ಎನ್ನುವುದು ಫಲಕದ ತಕರಾರಿಗೆ ಹೊಂದುವ ಕಾರಣ. ಫಲಕದ ಹತ್ತಿರದ ಫೋಟೋ ಒಂದೇ ಸಾಲದು, ಗಾಡಿ ನಿಂತ ಜಾಗದಿಂದ ಅದು ಹೇಗೆ ಕಾಣುತ್ತದೆ, ಬೀದಿಗೆ ಬರುವ ತಿರುವಿನಿಂದ ಹೇಗೆ ಕಾಣುತ್ತದೆ ಎಂಬುದರ ಫೋಟೋ ಬೇಕು, ಅದೂ ಕೌನ್ಸಿಲಿನವರು ಕೊಂಬೆ ಕಡಿಸುವ ಮೊದಲು. ಆಕ್ಷೇಪಣೆ ತಿರಸ್ಕಾರವಾದರೆ ಮತ್ತೆ 28 ದಿನದೊಳಗೆ ಟ್ರಿಬ್ಯೂನಲ್‌ಗೆ ಮೇಲ್ಮನವಿ. ಲಂಡನ್ನಿಗೆ ಒಂದು ಟ್ರಿಬ್ಯೂನಲ್, ಇಂಗ್ಲೆಂಡಿನ ಉಳಿದ ಭಾಗಕ್ಕೂ ವೇಲ್ಸಿಗೂ ಸೇರಿ ಇನ್ನೊಂದು. ಗಡುವು ಬರೀ ಜನರಿಗಷ್ಟೇ ಇಲ್ಲ. ವಿಧಿವತ್ತಾದ ಆಕ್ಷೇಪಣೆ ತಲುಪಿದ 56 ದಿನದೊಳಗೆ ಕೌನ್ಸಿಲ್ ಉತ್ತರ ಕೊಡದಿದ್ದರೆ, ಅದು ಒಪ್ಪಿಕೊಂಡಂತೆಯೇ ಲೆಕ್ಕ. ದಂಡ ಅಲ್ಲಿಗೆ ರದ್ದು.