ಓರೆಗೆರೆಯ ಕೆಳಗಿನ ಸ್ವರ: ಸ್ಲ್ಯಾಶ್ ಕಾರ್ಡ್ ಬರಹದ ಚರಿತ್ರೆ

ಗಿಟಾರ್ ಅಥವಾ ಕೀಬೋರ್ಡ್ ನುಡಿಸುವವರ ಮುಂದಿನ ಹಾಳೆಯಲ್ಲಿ ‘ಸಿ/ಇ’ ಎಂದಿದ್ದರೆ ಅದರ ಸೂಚನೆ ಸರಳ. ಸಿ ಮೇಜರ್ ಕಾರ್ಡ್ ನುಡಿಸಬೇಕು, ಎಲ್ಲ ಸ್ವರಗಳಿಗಿಂತ ಕೆಳಗೆ ಇ ಇರಬೇಕು. ಓರೆಗೆರೆಯ ಎಡಕ್ಕಿರುವುದು ಕಾರ್ಡ್, ಬಲಕ್ಕಿರುವುದು ಬಾಸ್. ಸಾಮಾನ್ಯ ಪಾಠ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಈ ಗೆರೆಯ ಹಿಂದೆ ನಾನೂರು ವರ್ಷಗಳ ಒಂದು ಚರ್ಚೆ ಇದೆ. ಒಟ್ಟಿಗೆ ಮೊಳಗುವ ಸ್ವರಗಳನ್ನು ಗುರುತಿಸುವಾಗ ತಳದಲ್ಲಿ ಕೇಳುವ ಸ್ವರವನ್ನು ಹಿಡಿಯಬೇಕೋ, ಆ ಗುಂಪಿನ ಮೂಲಸ್ವರವನ್ನು ಹಿಡಿಯಬೇಕೋ? ಯುರೋಪು ಮೊದಲು ಬಾಸನ್ನು ಹಿಡಿಯಿತು, ಆಮೇಲೆ ಮೂಲಸ್ವರದತ್ತ ಹೊರಳಿತು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಕಾರ್ಡ್‌ಗಳ ಹೆಸರಿನಿಂದ ಬಾಸ್ ಪೂರ್ತಿ ಬಿಟ್ಟುಹೋಯಿತು. ಸ್ಲ್ಯಾಶ್ ಅದನ್ನು ಮತ್ತೆ ಹೆಸರಿನೊಳಗೆ ಸೇರಿಸಿತು ಎಂಬುದು ಈ ಲೇಖನದ ವಾದ.

1600ರಲ್ಲಿ ರೋಮಿನಲ್ಲಿ ಎಮಿಲಿಯೊ ದೆ ಕವಲಿಯೇರಿಯ ‘ರಪ್ರೆಸೆಂತಾತ್ಸಿಯೊನೆ ದಿ ಆನಿಮಾ ಎ ದಿ ಕೋರ್ಪೊ’ ಅಚ್ಚಾದಾಗ ಅದರ ಬಾಸ್ ಸಾಲಿನ ಜೊತೆಗೆ ಅಂಕಿಗಳಿದ್ದವು. ಎರಡು ವರ್ಷಗಳ ನಂತರ ವೆನಿಸ್‌ನಲ್ಲಿ ಲೊದೊವಿಕೊ ವಿಯದಾನಾನ ನೂರು ಚರ್ಚ್ ಗೀತೆಗಳ ಸಂಗ್ರಹ ಹೊರಬಂತು. ಗಾಯಕರು ಒಬ್ಬಿಬ್ಬರೇ ಸಿಕ್ಕ ಕಡೆಯಲ್ಲೂ ಆರ್ಗನ್ ವಾದಕ ಬಾಸ್ ಸಾಲನ್ನು ಆಧರಿಸಿ ಉಳಿದ ಸ್ವರಗಳನ್ನು ತುಂಬಿಕೊಡಲಿ ಎಂಬುದು ವಿಯದಾನಾನ ಉದ್ದೇಶವಾಗಿತ್ತು. ಮುಂದೆ ನೂರೈವತ್ತು ವರ್ಷ ಯುರೋಪಿನ ಕೀಬೋರ್ಡ್ ವಾದಕರು ಈ ಅಂಕಿ ಬಾಸ್‌ನಲ್ಲೇ ಪಳಗಿದರು. ಅಂಕಿ ಇಲ್ಲದಿದ್ದರೆ ಬಾಸ್‌ನಿಂದ ಮೂರನೆಯ ಮತ್ತು ಐದನೆಯ ಸ್ವರ. 6 ಎಂದಿದ್ದರೆ ಮೂರನೆಯದು ಮತ್ತು ಆರನೆಯದು. 4ರ ಕೆಳಗೆ 2 ಇದ್ದರೆ ಎರಡನೆಯದು, ನಾಲ್ಕನೆಯದು, ಆರನೆಯದು. ನಮ್ಮ ಸಿ/ಇ ಅಲ್ಲಿ ‘ಇ ಸ್ವರ, ಮೇಲೆ 6’ ಎಂದಾಗುತ್ತದೆ. ಸಿ ಎಂಬ ಹೆಸರು ಅಲ್ಲಿ ಎಲ್ಲೂ ಕಾಣುವುದಿಲ್ಲ. ವಾದಕನ ಕೈಗೆ ಅದರ ಅಗತ್ಯವೂ ಇರಲಿಲ್ಲ.

ಇದೇ ಕಾಲದಲ್ಲಿ ಇಟಲಿಯಲ್ಲಿ ಇನ್ನೊಂದು ಬರಹವೂ ಬೆಳೆಯುತ್ತಿತ್ತು. ಚರಿತ್ರೆಕಾರರು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ ಎಂದು ನನಗನಿಸುತ್ತದೆ. 1606ರಲ್ಲಿ ಫ್ಲಾರೆನ್ಸ್‌ನಲ್ಲಿ ಜಿರೊಲಾಮೊ ಮೊಂತೆಸಾರ್ದೊ ಅಚ್ಚು ಹಾಕಿಸಿದ ಗಿಟಾರ್ ಪುಸ್ತಕದಲ್ಲಿ ಒಂದೊಂದು ಕಾರ್ಡ್‌ಗೆ ಒಂದೊಂದು ಅಕ್ಷರ. ‘ಎ’ ಎಂದರೆ ಜಿ ಮೇಜರ್, ‘ಬಿ’ ಎಂದರೆ ಸಿ ಮೇಜರ್. ಅಕ್ಷರಕ್ಕೂ ಸ್ವರಕ್ಕೂ ಸಂಬಂಧವಿಲ್ಲ. ಅದು ಎಡಗೈ ಬೆರಳುಗಳ ಭಂಗಿಯ ಗುರುತು, ಅಷ್ಟೇ. ಐದು ಜೋಡಿ ತಂತಿಗಳ ಆ ಗಿಟಾರನ್ನು ಬೀಸಿ ನುಡಿಸುತ್ತಿದ್ದರು. ಯಾವ ಸ್ವರ ತಳದಲ್ಲಿದೆ ಎಂಬುದನ್ನು ಬರಹವೂ ಹೇಳುತ್ತಿರಲಿಲ್ಲ, ವಾದ್ಯವೂ ಸ್ಪಷ್ಟಪಡಿಸುತ್ತಿರಲಿಲ್ಲ. ಬಾಸ್ ಬಗ್ಗೆ ಎಲ್ಲವನ್ನೂ ಹೇಳುವ ಒಂದು ಪದ್ಧತಿ ಮತ್ತು ಏನನ್ನೂ ಹೇಳದ ಒಂದು ಪದ್ಧತಿ ಹೀಗೆ ಒಂದೇ ದಶಕದಲ್ಲಿ ಅಕ್ಕಪಕ್ಕದಲ್ಲೇ ಅಚ್ಚಿಗೆ ಬಂದವು.

ಸಿ-ಇ-ಜಿ, ಇ-ಜಿ-ಸಿ, ಜಿ-ಸಿ-ಇ ಎಂಬ ಮೂರೂ ಒಂದೇ ಗುಂಪಿನ ಬೇರೆ ಬೇರೆ ರೂಪಗಳೆಂಬ ತಿಳಿವು ಜರ್ಮನಿಯ ಯೊಹಾನೆಸ್ ಲಿಪ್ಪಿಯಸ್‌ನ 1612ರ ಗ್ರಂಥದಲ್ಲೇ ಇದೆ. ಅದನ್ನು ಇಡೀ ಸಿದ್ಧಾಂತದ ಅಡಿಪಾಯವಾಗಿಸಿದವನು ಜಾನ್-ಫಿಲಿಪ್ ರಾಮೊ. 1722ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ‘ಹಾರ್ಮನಿ ಕುರಿತ ಪ್ರಬಂಧ’ದಲ್ಲಿ ಅವನು ನಿಜವಾಗಿ ನುಡಿಯುವ ಬಾಸ್‌ನ ಕೆಳಗೆ ಇನ್ನೊಂದು ಸಾಲು ಬರೆದು ಅದನ್ನು ಮೂಲ ಬಾಸ್ ಎಂದು ಕರೆದ. ಅದು ನುಡಿಸುವುದಕ್ಕಲ್ಲ, ತಿಳಿಯುವುದಕ್ಕೆ. ಮೇಲಿನ ಸಾಲಿನಲ್ಲಿ ಇ, ಕೆಳಗಿನ ಸಾಲಿನಲ್ಲಿ ಸಿ. ಇವೆರಡನ್ನೂ ಒಟ್ಟಿಗೆ ಓದಿದರೆ ಸಿ/ಇ ನಮ್ಮ ಕಣ್ಣೆದುರಿಗಿರುತ್ತದೆ. ಸ್ಲ್ಯಾಶ್ ಕಾರ್ಡ್ ಹೇಳುವ ಎರಡೂ ಸಂಗತಿಗಳನ್ನು ರಾಮೊ ಒಂದೇ ಪುಟದಲ್ಲಿ ಬೇರ್ಪಡಿಸಿ ತೋರಿಸಿದ್ದ. ಇಂದಿನ ಬರಹ ಅವುಗಳ ಸ್ಥಾನ ಬದಲಿಸಿ, ಮೂಲಸ್ವರವನ್ನು ಮೊದಲಿಟ್ಟು, ನಡುವೆ ಒಂದು ಗೆರೆ ಎಳೆದಿದೆ.

ಎಲ್ಲರೂ ರಾಮೊನನ್ನು ಒಪ್ಪಲಿಲ್ಲ. ಬಾಸ್‌ನಿಂದಲೇ ಹಾರ್ಮನಿ ಕಲಿತು ಕಲಿಸಿದ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಕ್, ತಾನೂ ತನ್ನ ತಂದೆಯೂ ಆ ಮಾರ್ಗದವರಲ್ಲ ಎಂದು ಸ್ಪಷ್ಟವಾಗಿಯೇ ತಿಳಿಸಿದ್ದ. ಆದರೆ ಕಾಲ ರಾಮೊನ ಕಡೆಗಿತ್ತು. 1817ರಿಂದ ಪ್ರಕಟವಾದ ಗಾಟ್‌ಫ್ರೀಡ್ ವೇಬರ್‌ನ ಗ್ರಂಥದ ಮೂಲಕ ರೋಮನ್ ಅಂಕಿಗಳು ಪಾಠಶಾಲೆಗಳಲ್ಲಿ ನೆಲೆಯಾದವು. ಅವು ಹೇಳುವುದು ಮೂಲಸ್ವರದ ಸ್ಥಾನವನ್ನು.

ಮುಂದಿನ ತಿರುವು ಒಂದು ಪುಟ್ಟ ವಾದ್ಯದಿಂದ ಬಂತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ಹವಾಯಿ ಮಂಟಪದಿಂದ ಉಕುಲೇಲೆಯ ಹುಚ್ಚು ಅಮೆರಿಕವಿಡೀ ಹಬ್ಬಿತು. 1920ರ ದಶಕದಲ್ಲಿ ಪ್ರಕಾಶಕರು ಹಾಡಿನ ಹಾಳೆಗಳಲ್ಲಿ ಸಾಹಿತ್ಯದ ಮೇಲೆ ಉಕುಲೇಲೆಯ ಬೆರಳು ಚಿತ್ರಗಳನ್ನೂ ಕಾರ್ಡ್ ಹೆಸರುಗಳನ್ನೂ ಹಾಕತೊಡಗಿದರು. ಇದಕ್ಕಾಗಿ ದುಡಿದವರಲ್ಲಿ ಮೇ ಸಿಂಘಿ ಬ್ರೀನ್ ಹೆಸರು ದೊಡ್ಡದು. ಸಾಮಾನ್ಯ ಶ್ರುತಿಯಲ್ಲಿ ಉಕುಲೇಲೆಯ ಅತ್ಯಂತ ಕೆಳಗಿನ ಸ್ವರ ಪಿಯಾನೊದ ನಡುವಿನ ಸಿ. ಅದಕ್ಕಿಂತ ಕೆಳಗೆ ಅದು ಇಳಿಯಲಾರದು. ಹಾಗಾಗಿ ಆ ಹೆಸರುಗಳಲ್ಲಿ ಬಾಸ್‌ಗೆ ಜಾಗವೇ ಇರಲಿಲ್ಲ. ಮೊಂತೆಸಾರ್ದೊನ ಅಕ್ಷರಗಳು ಮುನ್ನೂರು ವರ್ಷಗಳ ನಂತರ ಬೇರೆ ವೇಷದಲ್ಲಿ ಮರಳಿದಂತಾಯಿತು. ಈ ಬಾರಿ ಅಕ್ಷರ ಮೂಲಸ್ವರದ ಹೆಸರೇ ಆಗಿತ್ತು ಎಂಬುದು ದೊಡ್ಡ ವ್ಯತ್ಯಾಸ. ಪಿಯಾನೊ, ಗಿಟಾರ್, ಬ್ಯಾಂಡ್ ಎಲ್ಲವೂ ಕ್ರಮೇಣ ಇದೇ ಹೆಸರುಗಳನ್ನು ಬಳಸಿಕೊಂಡವು.

1960ರ ದಶಕದ ಹಾಡುಗಳಿಗೆ ಈ ಹೆಸರುಗಳು ಸಾಲಲಿಲ್ಲ. ಕಾರಣ ವಾದ್ಯದಲ್ಲೂ ಇದೆ ಎಂದು ನಾನು ನಂಬುತ್ತೇನೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬಾಸ್‌ಗೆ ಫ್ರೆಟ್‌ಗಳಿದ್ದವು, ಆಂಪ್ಲಿಫೈಯರ್ ಇತ್ತು. ತಳದ ಸ್ವರ ಯಾವುದೆಂದು ನೃತ್ಯಶಾಲೆಯ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳತೊಡಗಿತು. ಅಷ್ಟು ಸ್ಪಷ್ಟವಾಗಿ ಕೇಳುವುದನ್ನು ಬರೆಯದೆ ಬಿಡಲಾಗದು. ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ ಸ್ವತಃ ಬಾಸ್ ವಾದಕ. 1966ರ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ‘ಗಾಡ್ ಓನ್ಲಿ ನೋಸ್’ ಹಾಡಿನಲ್ಲಿ ಅವನ ಬಾಸ್ ಮತ್ತೆ ಮತ್ತೆ ಮೂಲಸ್ವರವನ್ನು ಬಿಟ್ಟು ಬೇರೆ ಸ್ವರದ ಮೇಲೆ ನಿಲ್ಲುತ್ತದೆ. ಆ ಹಾಡಿನ ನೆಲೆ ತಿಳಿಯದಂಥ ತವಕಕ್ಕೆ ಇದೇ ಮೂಲ. ಕಾರ್ಡ್ ಹೆಸರುಗಳನ್ನಷ್ಟೇ ಓದಿ ನುಡಿಸಿದರೆ ಅದು ಬೇರೆಯೇ ಹಾಡಾಗುತ್ತದೆ. ಆ ಆಲ್ಬಮ್ಮಿನಲ್ಲಿ ಬಾಸ್ ನುಡಿಸಿದವರಲ್ಲಿ ಒಬ್ಬ ಲೈಲ್ ರಿಟ್ಸ್. ಜಾಝ್ ಉಕುಲೇಲೆ ವಾದಕನೆಂದೂ ಅವನು ಹೆಸರಾದವನು. ಮರುವರ್ಷ ಪ್ರೋಕಾಲ್ ಹಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ನಲ್ಲಿ ಬಾಸ್ ಸಿ ಇಂದ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಇಂಥ ಇಳಿಕೆಯನ್ನು ಬರೆಯಲು ಸ್ಲ್ಯಾಶ್‌ಗಿಂತ ಚುಟುಕಾದ ದಾರಿ ಇಲ್ಲ. 1970ರ ದಶಕದ ನಡುವೆ ಬೋಸ್ಟನ್‌ನ ಬರ್ಕ್ಲಿ ಕಾಲೇಜಿನ ಸುತ್ತ ತಯಾರಾಗಿ ಗುಟ್ಟಾಗಿ ಮಾರಾಟವಾದ ‘ರಿಯಲ್ ಬುಕ್’ ಎಂಬ ಜಾಝ್ ರಚನೆಗಳ ಸಂಗ್ರಹ ಈ ಬರಹವನ್ನು ಜಾಝ್ ಕಲಿಯುವವರ ಕೈಗೆ ಮುಟ್ಟಿಸಿತು.

ಬಳಕೆಯಲ್ಲಿ ಸ್ಲ್ಯಾಶ್‌ಗೆ ಎರಡು ಬೇರೆ ಸ್ವಭಾವಗಳಿವೆ. ಬಾಸ್ ಸ್ವರ ಕಾರ್ಡಿನದೇ ಆಗಿದ್ದರೆ ಅದು ಹಳೆಯ 6, 6-4 ಅಂಕಿಗಳ ವಂಶದ್ದು. ಸಿ, ಜಿ/ಬಿ, ಎ ಮೈನರ್ ಎಂಬ ಸಾಗಾಟದಲ್ಲಿ ಬಾಸ್ ಸಿ-ಬಿ-ಎ ಎಂದು ನಡೆಯುತ್ತದೆ. ಸ್ಲ್ಯಾಶ್ ತೆಗೆದರೆ ಸಿ-ಜಿ-ಎ ಎಂದು ಜಿಗಿಯುತ್ತದೆ. ಡಿ/ಸಿ ಬಂದರೆ ಮುಂದೆ ಜಿ/ಬಿ ಬರುವುದು ಸಹಜ. ಬಾಸ್‌ನಲ್ಲಿರುವ ಸಿ ಇಲ್ಲಿ ಡಿ ಕಾರ್ಡಿನ ಏಳನೆಯ ಸ್ವರ, ಅದು ಒಂದು ಮೆಟ್ಟಿಲು ಕೆಳಗಿಳಿಯಬೇಕೆಂಬುದು ಅಂಕಿ ಬಾಸ್‌ನ ಕಾಲದಿಂದ ಬಂದ ನಿಯಮ. ಕೀಬೋರ್ಡ್ ಕಲಿಯುವವರು ಎಡಗೈಯ ಸಾಲನ್ನು ಮಾತ್ರ ಮೊದಲು ಹಾಡಿಕೊಳ್ಳುವುದು ಒಳ್ಳೆಯದು. ಅದು ತಾನಾಗಿಯೇ ಒಂದು ರಾಗದ ಎಳೆಯಂತೆ ಕೇಳಿದರೆ ಸ್ಲ್ಯಾಶ್‌ಗಳು ಸರಿಯಾದ ಜಾಗದಲ್ಲಿವೆ.

ಬಾಸ್ ಸ್ವರ ಕಾರ್ಡಿಗೆ ಹೊರಗಿನದಾದರೆ ಕಥೆಯೇ ಬೇರೆ. ಎಫ್/ಜಿ ಎಂದರೆ ಕೆಳಗೆ ಜಿ, ಮೇಲೆ ಎಫ್-ಎ-ಸಿ. ಅದು ಜಿ ಏಳನೆಯ ಕಾರ್ಡಿನ ಕೆಲಸ ಮಾಡಿ ಸಿ ಕಡೆಗೆ ಎಳೆಯುತ್ತದೆ. ಆದರೆ ಬಿ ಸ್ವರ ಇಲ್ಲದಿರುವುದರಿಂದ ಆ ಸೆಳೆತಕ್ಕೆ ಮೊನಚಿಲ್ಲ. ಕನ್ನಡದ ಭಾವಗೀತೆಗೆ ಕೀಬೋರ್ಡ್ ಸಾಥ್ ಕೊಡುವವರು ಇಲ್ಲೊಂದು ಗಮನಿಸಬೇಕು. ಸಿ ಆಧಾರ ಷಡ್ಜವಾಗಿ ತಂಬೂರಿ ಮೊಳಗುತ್ತಿದ್ದರೆ, ಅವರು ನುಡಿಸುವ ಪ್ರತಿಯೊಂದು ಕಾರ್ಡಿನ ಜೊತೆಗೂ ಆ ಸಿ ಬಿಡದೆ ಕೇಳುತ್ತಿರುತ್ತದೆ. ಕಾಗದದ ಮೇಲೆ ಎಫ್, ಜಿ ಎಂದಿದ್ದರೂ ಕೇಳುವವರಿಗೆ ಅವು ಎಫ್/ಸಿ, ಜಿ/ಸಿ ಆಗಿಯೇ ಮುಟ್ಟುತ್ತವೆ. ಎಫ್ ಕಾರ್ಡಿನಲ್ಲಿ ಸಿ ಇರುವುದರಿಂದ ಅದು ಹೊಂದಿಕೊಳ್ಳುತ್ತದೆ. ಜಿ ಕಾರ್ಡಿನ ಬಿ ಮಾತ್ರ ಷಡ್ಜಕ್ಕೆ ಉಜ್ಜುತ್ತದೆ. ಆ ತಿಕ್ಕಾಟ ಬೇಕೋ ಬೇಡವೋ ಎಂಬುದನ್ನು ಮೊದಲೇ ಕೇಳಿ ತೀರ್ಮಾನಿಸಬೇಕು.

ಎಲ್ಲ ಓರೆಗೆರೆಯೂ ಬಾಸಿನದಲ್ಲ. ಸಿ 6/9 ಎಂಬಲ್ಲಿ ಅದು ಸೇರಿಸಬೇಕಾದ ಸ್ವರಗಳ ಸೂಚನೆ. ರೋಮನ್ ಅಂಕಿಗಳಲ್ಲಿ ಐದು/ಐದು ಎಂದರೆ ಐದನೆಯ ಕಾರ್ಡಿಗೆ ಐದನೆಯದಾದ ಕಾರ್ಡ್.

ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ 1965ರಲ್ಲಿ ಧ್ವನಿಮುದ್ರಿಸಿದ ‘ಮೇಡನ್ ವಾಯೇಜ್’ನಲ್ಲಿ ಮೂಲಸ್ವರ ಯಾವುದೆಂಬ ರಾಮೊನ ಪ್ರಶ್ನೆಯೇ ಕಕ್ಕಾಬಿಕ್ಕಿಯಾಗುತ್ತದೆ. ಮೊದಲ ನಾಲ್ಕು ಬಾರ್‌ಗಳಿಗೆ ಎ ಮೈನರ್ 7/ಡಿ, ಮುಂದಿನ ನಾಲ್ಕಕ್ಕೆ ಸಿ ಮೈನರ್ 7/ಎಫ್. ಕೆಳಗೆ ಡಿ, ಮೇಲೆ ಎ-ಸಿ-ಇ-ಜಿ. ಇದರ ಮೂಲಸ್ವರ ಎ ಎನ್ನೋಣವೆಂದರೆ ಬಾಸ್ ಒಪ್ಪುವುದಿಲ್ಲ. ಡಿ ಎನ್ನೋಣವೆಂದರೆ ಅದು ಮೇಜರೋ ಮೈನರೋ ಎಂದು ಹೇಳುವ ಎಫ್ ಅಥವಾ ಎಫ್ ಶಾರ್ಪ್ ಎಲ್ಲೂ ಇಲ್ಲ. ಇದನ್ನೇ ಡಿ ಸಸ್ಪೆಂಡೆಡ್ ಎಂದೂ ಬರೆಯುತ್ತಾರೆ. ಸ್ವರಗಳು ಬಹುಮಟ್ಟಿಗೆ ಅವೇ, ಆದರೆ ಓದುವವರ ಕೈ ಬದಲಾಗುತ್ತದೆ. ಸಸ್ಪೆಂಡೆಡ್ ಎಂದು ಓದಿದ ಪಿಯಾನೊ ವಾದಕ ಜಿ ಸ್ವರ ಎಫ್ ಶಾರ್ಪ್‌ಗೆ ಇಳಿಯಲು ಕಾಯುತ್ತಿದೆ ಎಂದುಕೊಳ್ಳಬಹುದು. ಎ ಮೈನರ್ 7/ಡಿ ಎಂದು ಓದಿದವನ ಬಲಗೈಯಲ್ಲಿ ಜಿ ತನ್ನದೇ ಕಾರ್ಡಿನ ಸ್ವರವಾಗಿ ನೆಮ್ಮದಿಯಿಂದ ನಿಲ್ಲುತ್ತದೆ, ಎಡಗೈಯಲ್ಲಿ ಡಿ ನಾಲ್ಕು ಬಾರ್‌ಗಳುದ್ದಕ್ಕೂ ಅಲುಗದೆ ಮೊಳಗುತ್ತದೆ.