ಹೂವೆಂಬ ಕೆಂಡ: ಧರ್ಮಪುರಿ ಸೀಮೆಯ ಅಗ್ನಿಸೇವೆ ಮತ್ತು ಸಾಕ್ಷ್ಯದ ಪ್ರಶ್ನೆ

ಪಾಪಿರೆಡ್ಡಿಪಟ್ಟಿ ಎಂಬ ಊರ ಹೆಸರಿನಲ್ಲಿಯೇ ತೆಲುಗಿನ ರೆಡ್ಡಿಯೂ ತಮಿಳಿನ ಪಟ್ಟಿಯೂ ಕೂಡಿಕೊಂಡಿವೆ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಜಿಲ್ಲೆಯಲ್ಲಿ ತಮಿಳಿನೊಡನೆ ತೆಲುಗು, ಕನ್ನಡಗಳೂ ಮನೆಮಾತುಗಳಾಗಿ ಉಳಿದಿವೆ. ಈ ಸೀಮೆಯ ದ್ರೌಪದಿ ಅಮ್ಮನ ಉತ್ಸವಗಳಲ್ಲಿ ಭಾರತದ ಪಾರಾಯಣ ನಡೆದು, ತೆರುಕೂತ್ತಿನಲ್ಲಿ ಯುದ್ಧ ಮುಗಿದು, ಮಣ್ಣಿನ ದುರ್ಯೋಧನ ಹತನಾದ ಮೇಲೆ ಹರಕೆ ಹೊತ್ತವರು ಕೆಂಡ ಹಾಯುತ್ತಾರೆ.

ಈ ಆಚರಣೆಗೆ ತಮಿಳಿನಲ್ಲಿ ಎರಡು ಹೆಸರುಗಳಿವೆ. ತೀಮಿದಿ ಎಂದರೆ ಬೆಂಕಿಯನ್ನು ತುಳಿಯುವುದು. ಪೂಮಿದಿ ಎಂದರೆ ಹೂವನ್ನು ತುಳಿಯುವುದು. ಕೆಂಡದ ಹೊಂಡವೂ ಪೂಕ್ಕುಳಿ, ಅಂದರೆ ಹೂವಿನ ಕುಳಿ. ಕನ್ನಡದ ‘ಕೊಂಡ ಹಾಯುವುದು’ ಎಂಬ ಮಾತು ಸಂಸ್ಕೃತದ ಕುಂಡದಿಂದ ಬಂದದ್ದು. ಅದು ಸ್ಥಳವನ್ನು ಹೇಳಿ ಸುಮ್ಮನಾಗುತ್ತದೆ. ಪೂಮಿದಿಯಾದರೋ ಹೆಜ್ಜೆ ಇಡುವ ಮೊದಲೇ ಪಾದಕ್ಕೆ ಒಂದು ಅನುಭವವನ್ನು ಗೊತ್ತುಮಾಡಿಬಿಡುತ್ತದೆ. ಹೀಗೆ ಗೊತ್ತುಮಾಡಿದ ಅರ್ಥ ದೇಹವನ್ನು ಎಲ್ಲಿಯವರೆಗೆ ಆಳಬಲ್ಲದು?

1935ರಲ್ಲಿ ಹ್ಯಾರಿ ಪ್ರೈಸ್ ಇಂಗ್ಲೆಂಡಿನಲ್ಲಿ ಏರ್ಪಡಿಸಿದ ಪ್ರಯೋಗದಲ್ಲಿ ಕಾಶ್ಮೀರದ ಖುದಾ ಬಕ್ಷ್ ಬರಿಗಾಲಿನಲ್ಲಿ ಕೆಂಡ ಹಾಯ್ದು ಗಾಯವಿಲ್ಲದೆ ಹೊರಬಂದರು. ಕೆಂಡದ ಮೇಲ್ಮೈಯ ಉಷ್ಣತೆ ಸುಮಾರು 430 ಡಿಗ್ರಿ ಸೆಲ್ಸಿಯಸ್ ಇತ್ತು. 1937ರ ಪ್ರಯೋಗಗಳಲ್ಲಿ ಯಾವ ವ್ರತವನ್ನೂ ಹಿಡಿಯದ ಆಂಗ್ಲನೊಬ್ಬನೂ ಸುಟ್ಟುಕೊಳ್ಳದೆ ದಾಟಿದನು. ಇದ್ದಿಲು ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಹೆಜ್ಜೆ ಕ್ಷಣಕಾಲ ಮಾತ್ರ ಊರುತ್ತದೆ. ಚರ್ಮವನ್ನು ಕಾಯುವುದು ಈ ಎರಡು ಸಂಗತಿಗಳು. ಚರ್ಮದ ಮಟ್ಟಿಗೆ ಮನಸ್ಸಿಗೆ ಇಲ್ಲಿ ಹೆಚ್ಚಿನ ಪಾತ್ರವಿಲ್ಲ.

ಆದರೆ ಹೃದಯದ ಕಥೆ ಬೇರೆ. ಸ್ಪೇನಿನ ಸ್ಯಾನ್ ಪೆಡ್ರೊ ಮಾನ್ರಿಕೆ ಎಂಬ ಹಳ್ಳಿಯ ಕೆಂಡಸೇವೆಯನ್ನು ಕುರಿತು ಇವಾನಾ ಕೊನ್ವಲಿಂಕಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಯುವವರ ಮತ್ತು ನೋಡುತ್ತ ನಿಂತ ಅವರ ಬಂಧುಮಿತ್ರರ ಹೃದಯಬಡಿತದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಂಡವು. ಅಪರಿಚಿತ ಪ್ರೇಕ್ಷಕರಲ್ಲಿ ಈ ಹೊಂದಿಕೆ ಕಾಣಲಿಲ್ಲ. ಅದೇ ಆಚರಣೆಯ ನೆನಪನ್ನು ಡಿಮಿಟ್ರಿಸ್ ಕ್ಸಿಗಲಾಟಸ್ ಮತ್ತಿತರರು ಪರೀಕ್ಷಿಸಿದರು. ಹಾಯ್ದವರು ಆ ಕೂಡಲೇ ತಾವು ಶಾಂತವಾಗಿದ್ದೆವೆಂದು ಹೇಳಿದರು, ವಿವರಗಳನ್ನು ಮಾತ್ರ ಅಷ್ಟಾಗಿ ನೆನೆಯಲಿಲ್ಲ. ಎರಡು ತಿಂಗಳ ನಂತರ ವಿವರಗಳು ಹೆಚ್ಚಿದವು. ಅವುಗಳೊಡನೆ ತಪ್ಪುಗಳೂ ಹೆಚ್ಚಿದವು.

ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವವರಿಗೆ ಇದು ಮುಖ್ಯ. ‘ಹೂವಿನ ಹಾಗಿತ್ತು’ ಎಂದು ಹಾಯ್ದವರೊಬ್ಬರು ಹೇಳಿದರೆ, ಆ ಮಾತಿನಲ್ಲಿ ಪಾದದ ಸಾಕ್ಷ್ಯವೆಷ್ಟು, ಭಾಷೆ ಮೊದಲೇ ಕೊಟ್ಟ ಉಪಮೆಯೆಷ್ಟು, ಬಂಧುಗಳ ನಡುವೆ ಮತ್ತೆ ಮತ್ತೆ ಹೇಳಿ ಗಟ್ಟಿಯಾದ ನೆನಪೆಷ್ಟು ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ತಮಿಳಿನ ಉತ್ತರವನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಪೂಮಿದಿಯನ್ನು ಕೊಂಡವೆಂದು ಬದಲಿಸಿದರೆ ಈ ಪ್ರಶ್ನೆಯೇ ಅಳಿಸಿಹೋಗುತ್ತದೆ. ಆದ್ದರಿಂದ ಹೇಳಿದ ಪದವನ್ನು ಹೇಳಿದಂತೆಯೇ, ಹೇಳಿದ ದಿನದೊಡನೆ ದಾಖಲಿಸಬೇಕು.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಕಾಲು ಸುಟ್ಟರೆ ವ್ರತದಲ್ಲಿ ಲೋಪವಿತ್ತೆಂಬ ನಂಬಿಕೆ ವ್ಯಾಪಕವಾಗಿದೆ. ಹಾಗಿರುವಾಗ ಗಾಯವನ್ನು ಹೇಳಿಕೊಳ್ಳುವುದೆಂದರೆ ದೋಷವನ್ನು ಒಪ್ಪಿಕೊಂಡಂತೆಯೇ. ಕೆಂಡದ ಪದರ, ನಡಿಗೆಯ ವೇಗ, ಅಂಟಿಕೊಂಡ ಕಿಡಿ ಇವುಗಳಿಂದಾಗುವ ಸುಟ್ಟಗಾಯ ಭಕ್ತಿಯ ಅಳತೆಗೋಲಾಗಲಾರದು. ನಮ್ಮ ಸಂಗ್ರಹಗಳಲ್ಲಿ ಸುಡದವರ ಕಥನಗಳೇ ತುಂಬಿದ್ದರೆ, ಅದರ ಕಾರಣವನ್ನು ಕೆಂಡದಲ್ಲಿ ಹುಡುಕುವುದಕ್ಕಿಂತ ಈ ಮೌನದಲ್ಲಿ ಹುಡುಕುವುದು ಲೇಸು.