ಚೀಟಿಯ ಕವರಿನಿಂದ ‘ನಾಬಿದ್’ವರೆಗೆ

ಊರಿನಿಂದ ಮಿರ್ದಿಫ್‌ಗೆ ಬರುವ ಹಿರಿಯರ ಚೀಲದಲ್ಲಿ ಹಪ್ಪಳ, ಚಟ್ನಿಪುಡಿಗಳ ಜೊತೆಗೆ ಒಂದು ಪ್ಲಾಸ್ಟಿಕ್ ಕವರೂ ಇರುತ್ತದೆ. ಅದರೊಳಗೆ ಔಷಧಚೀಟಿ, ಇಸಿಜಿ, ರಕ್ತಪರೀಕ್ಷೆಯ ವರದಿಗಳು. ಒಬ್ಬ ವೈದ್ಯರ ಅರಿವು ಇನ್ನೊಬ್ಬರನ್ನು ತಲುಪಲು ಬಹುಕಾಲ ಇದ್ದ ದಾರಿ ಈ ಕವರೇ. ದುಬೈಯಲ್ಲಿ ಆ ದಾರಿ ಬದಲಾದ ಬಗೆಯನ್ನು ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಆಸ್ಪತ್ರೆಗಳಿಗೆ ಗಣಕಯಂತ್ರ ಬಂದಾಗ ನೋಂದಣಿ, ಪ್ರಯೋಗಾಲಯ, ಔಷಧಾಲಯಗಳ ತಂತ್ರಾಂಶಗಳು ಬೇರೆಬೇರೆಯಾಗಿದ್ದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. 1987ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಹೆಲ್ತ್ ಲೆವೆಲ್ ಸೆವೆನ್’ ಸಂಸ್ಥೆ ಇದಕ್ಕೊಂದು ವಿವೇಕದ ಉಪಾಯ ಹುಡುಕಿತು. ಎಲ್ಲರೂ ಒಂದೇ ತಂತ್ರಾಂಶ ಬಳಸಬೇಕೆಂದು ಅದು ಹೇಳಲಿಲ್ಲ. ರೋಗಿ ದಾಖಲಾದ, ವರದಿ ಬಂದಿತು ಎಂಬಂತಹ ಸಂದೇಶಗಳ ರೂಪವನ್ನಷ್ಟೇ ನಿಗದಿಪಡಿಸಿತು. ಮಧ್ಯದಲ್ಲಿ ಕುಳಿತ ‘ಇಂಟಿಗ್ರೇಷನ್ ಎಂಜಿನ್’ ದುಭಾಷಿಯೂ ಹೌದು, ಅಂಚೆಯವನೂ ಹೌದು. ಅದು ಸಂದೇಶವನ್ನು ಪಡೆದು, ರೂಪಾಂತರಿಸಿ, ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತದೆ. ಆಚೆಯ ಯಂತ್ರ ಸ್ಥಗಿತವಾಗಿದ್ದರೆ ಸಂದೇಶವನ್ನು ಸರದಿಯಲ್ಲಿ ಕಾಯಿಸಿ, ತಲುಪಿದ ಮೇಲೆ ರಿಜಿಸ್ಟರ್ಡ್ ಅಂಚೆಯಂತೆ ಸ್ವೀಕೃತಿ ಪಡೆಯುತ್ತದೆ.

ಈ ನಾಡಿನಲ್ಲಿ ಮೊದಲು ಪಯಣಿಸಿದ್ದು ಕಾಯಿಲೆಯ ವಿವರವಲ್ಲ, ಬಿಲ್ಲು! ದುಬೈಯಲ್ಲಿ 2013ರ 11ನೇ ಕಾನೂನು ಆರೋಗ್ಯವಿಮೆಯನ್ನು ಕಡ್ಡಾಯಗೊಳಿಸಿತು. ವಿಮಾ ಕ್ಲೇಮುಗಳು ವಿದ್ಯುನ್ಮಾನವಾಗಿ ಓಡಾಡಿದವು. ಚಿಕಿತ್ಸೆಯ ವಿವರಗಳ ಸರದಿ ಬಂದದ್ದು ಆಮೇಲೆ. 2019ರಲ್ಲಿ ಅಬುಧಾಬಿಯಲ್ಲಿ ‘ಮಲಫ್ಫಿ’ ಆರಂಭವಾಯಿತು. ಅರಬ್ಬಿಯಲ್ಲಿ ಹಾಗೆಂದರೆ ‘ನನ್ನ ಕಡತ’. ಅದೇ ವರ್ಷ ಆರೋಗ್ಯ ಮಾಹಿತಿಯ ಬಳಕೆ ಮತ್ತು ಗೋಪ್ಯತೆಯನ್ನು ಕುರಿತ ಒಕ್ಕೂಟದ 2ನೇ ಕಾನೂನು ಬಂದಿತು. ದುಬೈ ಆರೋಗ್ಯ ಪ್ರಾಧಿಕಾರ ಕಟ್ಟಿದ ಜಾಲದ ಹೆಸರು ‘ನಾಬಿದ್’, ಎಂದರೆ ಮಿಡಿಯುವಂಥದು. ನಾಡಿ ಹಿಡಿದೇ ರೋಗ ನೋಡುತ್ತಿದ್ದ ನಮ್ಮ ಹಿರಿಯರಿಗೆ ಈ ಹೆಸರು ಒಪ್ಪುತ್ತಿತ್ತು.

ಆದರೆ ತಂತಿ ಜೋಡಿಸಿದ ಮಾತ್ರಕ್ಕೆ ಮನುಷ್ಯ ಜೋಡಣೆಯಾಗುವುದಿಲ್ಲ. ಎರಡು ಆಸ್ಪತ್ರೆಗಳ ‘ಶ್ರೀನಿವಾಸ’ರು ಒಬ್ಬರೇ ಎಂದು ಯಂತ್ರ ತಿಳಿಯುವುದು ಗುರುತಿನ ಸಂಖ್ಯೆ, ಹೆಸರು, ಜನ್ಮದಿನಾಂಕಗಳಿಂದ. ನಮ್ಮ ಹೆಸರುಗಳೋ ಇನಿಷಿಯಲ್‌ಗಳ ಹೆಸರುಗಳು. ಪಾಸ್‌ಪೋರ್ಟಿನಲ್ಲಿ ಅವು ವಿಸ್ತಾರಗೊಂಡು ಊರಿನ ಹೆಸರೋ ತಂದೆಯ ಹೆಸರೋ ಕುಲನಾಮವಾಗಿಬಿಡುತ್ತದೆ. ಹೀಗೆ ಎರಡು ಕಡತಗಳಾಗಿದ್ದ ಹಿರಿಯರೊಬ್ಬರನ್ನು ನಾನೊಮ್ಮೆ ನೋಡಿದೆ. ಪೆನಿಸಿಲಿನ್ ಅಲರ್ಜಿ ಒಂದರಲ್ಲಿತ್ತು, ನನ್ನೆದುರು ತೆರೆದ ಇನ್ನೊಂದರಲ್ಲಿ ಇರಲಿಲ್ಲ. ಔಷಧ ಬರೆಯುವ ಮುನ್ನ ಅವರ ಮಡದಿ, “ಡಾಕ್ಟ್ರೇ, ಇವರಿಗೆ ಆ ಇಂಜೆಕ್ಷನ್ ಆಗಲ್ಲ” ಎಂದರು. ಅಂದು ಕಾಪಾಡಿದ್ದು ಜಾಲವಲ್ಲ, ಆ ತಾಯಿ.

ಭಾರತದಲ್ಲಿಯೂ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ರಾಷ್ಟ್ರಮಟ್ಟದ ಚಾಲನೆ ದೊರೆತು, 14 ಅಂಕಿಗಳ ‘ಆಭಾ’ ಸಂಖ್ಯೆ ಬಂದಿದೆ. ಆದರೂ ಊರಿನ ಆಸ್ಪತ್ರೆಯ ಕಡತ ನನ್ನ ಚಿಕಿತ್ಸಾಲಯದ ಪರದೆಯಲ್ಲಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಎಲ್ಲ ಆಸ್ಪತ್ರೆಗಳಲ್ಲಿಯೂ ಎಮಿರೇಟ್ಸ್ ಐಡಿ ಅಥವಾ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿಸಿ. ಅಲರ್ಜಿಯನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳಿ. ಅಪ್ಪ-ಅಮ್ಮ ಬರುವಾಗ ಆ ಪ್ಲಾಸ್ಟಿಕ್ ಕವರನ್ನು ಮರೆಯದೆ ತರಲಿ. ಕಡಲು ದಾಟುವ ಕಡತ ಸದ್ಯಕ್ಕೆ ಅದೇ.